ಚಾವಣಿಯ ಬಣ್ಣಕ್ಕೂ ವೈದ್ಯರಿದ್ದಾರೆ

ನಮ್ಮ ಕಡೆ ಶಾಲಾ ಪ್ರವಾಸ ಎಂದರೆ ಹೆಚ್ಚಾಗಿ ಎರಡೇ ಊರು. ಒಂದು ನಂದಿ ಬೆಟ್ಟ, ಇನ್ನೊಂದು ಲೇಪಾಕ್ಷಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಮಕ್ಕಳು ಹೈದರಾಬಾದ್ ಹೆದ್ದಾರಿ ಹಿಡಿದು, ಬಾಗೇಪಲ್ಲಿ ದಾಟಿ, ಕೊಡಿಕೊಂಡದ ಹತ್ತಿರ ಎಡಕ್ಕೆ ತಿರುಗುತ್ತಾರೆ. ಗೌರಿಬಿದನೂರಿನವರು ವಿದುರಾಶ್ವತ್ಥದ ಮೇಲೆ ಹಿಂದೂಪುರಕ್ಕೆ ಹೋದರೆ ಅಲ್ಲಿಂದ ಸುಮಾರು ಹದಿನೈದು ಕಿಲೋಮೀಟರು. ಊರು ಆಂಧ್ರಕ್ಕೆ ಸೇರಿದ್ದು. ಆದರೆ ಗುಡಿಯ ಶಾಸನಗಳಲ್ಲಿ ಕನ್ನಡವೂ ಇದೆ. ನಮ್ಮ ಮನೆಗಳಲ್ಲಿ ಹೇಗೆ ಕನ್ನಡ, ತೆಲುಗು ಒಂದೇ ತಟ್ಟೆಯಲ್ಲಿ ಉಣ್ಣುತ್ತವೆಯೋ ಅಲ್ಲೂ ಹಾಗೆಯೇ.

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಐದನೇ ಕ್ಲಾಸು ಮುಗಿದಿತ್ತು. ದೊಡ್ಡ ನಂದಿ ನೋಡಿದ್ದಾಯಿತು. ನೆಲಕ್ಕೆ ತಾಗದೆ ನಿಂತ ಕಂಬದ ಕೆಳಗೆ ಟವೆಲ್ ತೂರಿಸಿ ಎಳೆದದ್ದಾಯಿತು. ಆಮೇಲೆ ಅರ್ಧಕ್ಕೆ ನಿಂತುಹೋದ ಕಲ್ಯಾಣ ಮಂಟಪದ ಬಳಿ ಯಾರೋ ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ತೋರಿಸುತ್ತ ಆ ಹಳೆಯ ಕತೆ ಹೇಳುತ್ತಿದ್ದರು. ಗುಡಿ ಕಟ್ಟಿಸಿದ ವಿರೂಪಣ್ಣ ಪೆನುಗೊಂಡೆಯ ಖಜಾನೆಯ ಅಧಿಕಾರಿ. ರಾಜನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣ ಬಳಸಿದನೆಂಬ ದೂರು ಬಂದಾಗ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಅದೇ ಈ ಕಲೆಯಂತೆ.

ಹುಡುಗಿ ನನ್ನ ಕೈ ಜಗ್ಗಿದಳು. “ತಾತ, ಇದು ನಿಜವಾಗ್ಲೂ ರಕ್ತಾನಾ?”

“ನಿನ್ನ ಮೊಣಕಾಲು ತರಚಿದಾಗ ಲಂಗಕ್ಕೆ ರಕ್ತ ಅಂಟಿತ್ತಲ್ಲ, ಮಾರನೇ ದಿನ ಯಾವ ಬಣ್ಣ ಇತ್ತು?”

“ಕಂದು. ಆಮೇಲೆ ಕಪ್ಪು ಕಪ್ಪು.”

“ಕತೆ ಕತೆಯ ಪಾಡಿಗೆ ಇರಲಿ ಕಣಮ್ಮ. ಸುಮಾರು ಐನೂರು ವರ್ಷ ಕೆಂಪಾಗೇ ಇರೋ ಕೆಂಪು ತೋರಿಸ್ತೀನಿ ಬಾ. ತಲೆ ಮೇಲೆತ್ತು.”

ನಾಟ್ಯ ಮಂಟಪದ ಚಾವಣಿ ನೋಡಲು ಕತ್ತು ನೋಯುತ್ತದೆ. ಅದಕ್ಕೇ ಏನೋ ಬಹಳ ಜನ ನೋಡುವುದೇ ಇಲ್ಲ. ಅಲ್ಲಿ ಗಿರಿಜಾ ಕಲ್ಯಾಣ ನಡೆಯುತ್ತಿದೆ. ದ್ರೌಪದಿಯ ಸ್ವಯಂವರದಲ್ಲಿ ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಹಿಡಿದಿದ್ದಾನೆ. ಇನ್ನೊಂದು ಕಡೆ ಕಿರಾತಾರ್ಜುನೀಯದ ಕಾಡುಹಂದಿ. ಕರುವಿಗಾಗಿ ಸ್ವಂತ ಮಗನಿಗೇ ಶಿಕ್ಷೆ ಕೊಟ್ಟ ಮನುನೀತಿ ಚೋಳನ ಕತೆಯೂ ಇದೆ. ಹೆಂಗಸರ ಸೀರೆಗಳಲ್ಲಿ ಪಟ್ಟೆ, ಚೌಕಳಿ, ಹೂಬಳ್ಳಿ. ಇವತ್ತಿಗೂ ಸೀರೆಯಂಚಿಗೆ ಲೇಪಾಕ್ಷಿಯ ವಿನ್ಯಾಸ ತೆಗೆಯುವವರಿದ್ದಾರೆ. ಶಿಡ್ಲಘಟ್ಟದ ರೇಷ್ಮೆ ನೂಲು ಎಲ್ಲೆಲ್ಲೋ ಸೀರೆಯಾಗುವಾಗ ಈ ಬಳ್ಳಿಯೂ ಅದರ ಮೇಲೆ ಹರಿದಿರಬಹುದು. ವಿರೂಪಣ್ಣ, ಅವನ ತಮ್ಮ ವೀರಣ್ಣ ಇಬ್ಬರೂ ವೀರಭದ್ರನಿಗೆ ನಮಸ್ಕರಿಸುತ್ತ ತಾವೇ ಚಿತ್ರದೊಳಗೆ ನಿಂತಿದ್ದಾರೆ. ವಿಜಯನಗರದ ಅಚ್ಯುತರಾಯ ಆಳುತ್ತಿದ್ದ ಕಾಲ ಅದು, ಅಂದರೆ 1529ರಿಂದ 1542ರ ನಡುವೆ.

ಆದರೆ ಆ ಚಾವಣಿಯಲ್ಲಿ ಬರಿಯ ಚಿತ್ರ ಕಾಣುವುದಿಲ್ಲ. ಒಂದು ಮುಖ ಅರ್ಧ ಮಾಯ. ಒಂದು ಕುದುರೆಗೆ ಕಾಲಿಲ್ಲ. ಮತ್ತೊಂದು ಕಡೆ ಗಾರೆಯೇ ಬಿದ್ದುಹೋಗಿ ಕಲ್ಲು ಇಣುಕುತ್ತಿದೆ. “ಯಾರು ಅಳಿಸಿದ್ದು ತಾತ?” ಎಂದಳು ಮೊಮ್ಮಗಳು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಅಜ್ಜಿಯ ಮನೆಯ ರಸಾಯನಶಾಸ್ತ್ರ

ಚಿತ್ರಕ್ಕೆ ಬಂದ ಕಾಯಿಲೆ ತಿಳಿಯಬೇಕಾದರೆ ಮೊದಲು ಅದರ ಮೈ ಏನೆಂದು ತಿಳಿಯಬೇಕು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದ ಅಜ್ಜಿಯರಿಗೆ ಇದರಲ್ಲಿ ಮುಕ್ಕಾಲು ಪಾಲು ಗೊತ್ತೇ ಇದೆ.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಆ ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಕಲ್ಲಿನ ಮೇಲೆ ಗಾರೆ ಹಾಕುತ್ತಾರೆ. ಗಾರೆ ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡು ಪುನಃ ಸುಣ್ಣದ ಕಲ್ಲೇ ಆಗಿಬಿಡುತ್ತದೆ! ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದಾಗ ನೀರು ಹಾಲಿನಂತೆ ಬೆಳ್ಳಗಾಗುತ್ತದಲ್ಲ, ಗೋಡೆಯ ಮೇಲೆ ನಡೆಯುವುದೂ ಅದೇ ಕೆಲಸ, ಆದರೆ ನಿಧಾನವಾಗಿ.

ಈಗ ಜಾಣತನ ಇರುವುದು ಇಲ್ಲಿ. ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಹಚ್ಚಿದರೆ ಸುಣ್ಣ ಕಲ್ಲಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಬಿಗಿದುಕೊಳ್ಳುತ್ತದೆ. ಬೇರೆ ಅಂಟು ಬೇಡ. ಗಾರೆ ಒಣಗಿದ ಮೇಲೆ ಬರೆಯುವುದಾದರೆ ಬಣ್ಣಕ್ಕೆ ಮರದ ಗೋಂದೋ, ವಜ್ರದಂಥ ಅಂಟೋ ಬೆರೆಸಬೇಕು. ಮೊದಲನೆಯದಕ್ಕೆ ಫ್ರೆಸ್ಕೊ ಎನ್ನುತ್ತಾರೆ. ಎರಡನೆಯದು ಒಣಗಾರೆಯ ಚಿತ್ರ. ನೋಡಲು ಎರಡೂ ಒಂದೇ. ಒದ್ದೆ ಬಟ್ಟೆ ತಾಗಿಸಿದರೆ ಮಾತ್ರ ಎರಡನೆಯದರ ಅಂಟು ಕರಗಿ ಬಣ್ಣ ಎದ್ದು ಬಂದೀತು. ಈ ಮಾತನ್ನು ನೆನಪಿಡಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಬಣ್ಣಗಳೋ, ಹೆಚ್ಚಿನವು ಕಾಲಕೆಳಗೇ ಇದ್ದಂಥವು. ಲೇಪಾಕ್ಷಿಯಲ್ಲಿ ತುಂಬಿರುವ ಕೆಂಪು ಕಾವಿಯ ಕೆಂಪು. ನಾವು ಕೆಮ್ಮಣ್ಣು, ಜಾಜು ಎನ್ನುತ್ತೇವೆ. ಅದು ಮಣ್ಣಿನಲ್ಲಿ ಬೆರೆತ ಕಬ್ಬಿಣದ ತುಕ್ಕು. ಒಮ್ಮೆ ತುಕ್ಕಾದ ಕಬ್ಬಿಣ ಇನ್ನೇನು ಕೆಡುತ್ತದೆ? ಅದಕ್ಕೇ ಅದು ಐನೂರು ವರ್ಷವಾದರೂ ಕೆಂಪು. ಹಳದಿ ಮಣ್ಣೂ ಕಬ್ಬಿಣದ್ದೇ, ಒಳಗೆ ಸ್ವಲ್ಪ ನೀರು ಸೇರಿಕೊಂಡಿರುತ್ತದೆ, ಅಷ್ಟೆ. ಹಳದಿ ಮಣ್ಣನ್ನು ಕಾಸಿದರೆ ನೀರು ಹಾರಿ ಕೆಂಪಾಗುತ್ತದೆ. ಇಟ್ಟಿಗೆ ಗೂಡಿನ ಹತ್ತಿರ ಇರುವ ಮಕ್ಕಳು ಹಸಿ ಇಟ್ಟಿಗೆಯನ್ನೂ ಸುಟ್ಟ ಇಟ್ಟಿಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಳಿ ಸುಣ್ಣದ್ದು. ಕಪ್ಪು ದೀಪದ ಮಸಿಯದು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿಟ್ಟು ಅಜ್ಜಿ ಕಾಡಿಗೆ ಹಿಡಿಯುತ್ತಿದ್ದರಲ್ಲ, ಅದೇ. ಲೇಪಾಕ್ಷಿಯ ಆಕೃತಿಗಳ ಅಂಚುಗೆರೆ ಕಪ್ಪು. ನೀಲಿ ಮಾತ್ರ ಅಲ್ಲಿ ಇಲ್ಲವೆನ್ನುವಷ್ಟು ಅಪರೂಪ. ನೀಲಿ ಮಣ್ಣು ಸುಲಭವಾಗಿ ಸಿಗುವುದಿಲ್ಲ. ಅಜಂತಾದ ಕಲಾವಿದರಿಗೆ ಬೇಕಾದ ನೀಲಿಕಲ್ಲು ದೂರದ ಅಫ್ಘಾನಿಸ್ತಾನದ ಬೆಟ್ಟಗಳಿಂದ ಬರಬೇಕಾಗಿತ್ತು.

ಸಾಸಿವೆಯಷ್ಟು ಚೂರು

ಇದೆಲ್ಲ ಗೊತ್ತಾದದ್ದು ಹೇಗೆ? ಬರೆದವರು ಬರೆದಿಟ್ಟು ಹೋಗಲಿಲ್ಲ. ಚಿತ್ರವನ್ನೇ ಕೇಳಬೇಕಾಯಿತು.

ನಮ್ಮ ದೇಶದಲ್ಲಿ ಪುರಾತತ್ವ ಇಲಾಖೆ 1917ರಲ್ಲೇ ಹಳೆಯ ವಸ್ತುಗಳಿಗಾಗಿ ಒಬ್ಬ ರಸಾಯನ ತಜ್ಞರನ್ನು ನೇಮಿಸಿಕೊಂಡಿತು. ಅವರ ಹೆಸರು ಮೊಹಮ್ಮದ್ ಸನಾ ಉಲ್ಲಾ. ಮುಂದೆ ದಕ್ಷಿಣದಲ್ಲಿ ಈ ಕೆಲಸ ಹಿಡಿದವರು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಎಸ್. ಪರಮಶಿವನ್. ತಂಜಾವೂರಿನ ದೊಡ್ಡ ಗುಡಿಯ ಚೋಳರ ಚಿತ್ರಗಳ ಗಾರೆಯನ್ನು ಪರೀಕ್ಷಿಸಿ ಅದು ಹಸಿ ಗಾರೆಯ ಮೇಲೆ ಬರೆದದ್ದೆಂದು ಅವರು ಹೇಳಿದರು. ಕರ್ನಾಟಕಕ್ಕೂ ಬಂದರು. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅಲ್ಲಿನ ಚಿತ್ರಗಳನ್ನು ಬರೆದ ಕ್ರಮವನ್ನು ಕುರಿತ ಅವರ ಲೇಖನ 1939ರಲ್ಲಿ ಪ್ರಕಟವಾಯಿತು. ಪ್ರಕಟಿಸಿದ್ದು ಯಾವ ಪತ್ರಿಕೆ ಗೊತ್ತೇ? ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯದು.

ಕೆಲಸ ಹೀಗೆ ನಡೆಯುತ್ತದೆ. ಚಿತ್ರ ಆಗಲೇ ಒಡೆದಿರುವ ಅಂಚಿನಿಂದ, ಮುಖ ಕೈ ಬಿಟ್ಟು, ಸಾಸಿವೆಗಿಂತ ಚಿಕ್ಕ ಚೂರೊಂದನ್ನು ತೆಗೆಯುತ್ತಾರೆ. ಅದನ್ನು ಪಾರದರ್ಶಕ ರಾಳದಲ್ಲಿ ಹೂತು, ಗಟ್ಟಿಯಾದ ಮೇಲೆ ಅಡ್ಡಕ್ಕೆ ಉಜ್ಜಿ ನಯಮಾಡಿ ಸೂಕ್ಷ್ಮದರ್ಶಕದಲ್ಲಿ ಇಡುತ್ತಾರೆ. ಆಗ ಚೂರು ಪದರ ಪದರವಾಗಿ ಕಾಣುತ್ತದೆ. ಕೆಳಗೆ ಒರಟು ಗಾರೆ, ಅದರ ಮೇಲೆ ನಯವಾದ ಸುಣ್ಣದ ಲೇಪ, ಆಮೇಲೆ ಬಣ್ಣ, ಅದರ ಮೇಲೆ ಹೊಗೆಯ ಕಪ್ಪು, ಕೆಲವೊಮ್ಮೆ ಅದರ ಮೇಲೆ ಮತ್ತೆ ಇನ್ಯಾರೋ ಬಳಿದ ಬಣ್ಣ. ಮಸಾಲೆ ದೋಸೆಯನ್ನು ಮೇಲಿನಿಂದ ನೋಡುವುದಕ್ಕೂ ಕತ್ತರಿಸಿ ನೋಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಈಗ ಚೂರನ್ನೂ ತೆಗೆಯದೆ ಕೇಳುವ ಉಪಾಯಗಳಿವೆ. ಮೂರು ಕೆಂಪುಗಳನ್ನು ತೆಗೆದುಕೊಳ್ಳಿ. ಕಾವಿ, ಇಂಗಳೀಕ, ಸಿಂಧೂರ. ಕಾವಿಯಲ್ಲಿ ಕಬ್ಬಿಣ, ಇಂಗಳೀಕದಲ್ಲಿ ಪಾದರಸ ಮತ್ತು ಗಂಧಕ, ಸಿಂಧೂರದಲ್ಲಿ ಸೀಸ. ಕಣ್ಣಿಗೆ ಮೂರೂ ಕೆಂಪೇ. ಕೈಯಲ್ಲಿ ಹಿಡಿಯುವ ಒಂದು ಯಂತ್ರದಿಂದ ಕ್ಷ-ಕಿರಣ ಹಾಯಿಸಿದರೆ ಪ್ರತಿಯೊಂದು ಧಾತುವೂ ತನ್ನದೇ ಆದ ಕಿರಣವನ್ನು ಹಿಂದಕ್ಕೆ ಕೊಡುತ್ತದೆ. ಹಾಜರಿ ಕರೆದಾಗ ಮಕ್ಕಳು ಎದ್ದು ನಿಂತ ಹಾಗೆ, “ಕಬ್ಬಿಣ!” “ಸೀಸ!” ಆದರೆ ದೀಪದ ಮಸಿ, ಗಿಡದಿಂದ ತೆಗೆದ ನೀಲಿ ಇಂಥವು ಈ ಹಾಜರಿಗೆ ಉತ್ತರ ಕೊಡುವುದಿಲ್ಲ. ಆಗ ಬೇಕಾಗುವುದು ನಮ್ಮ ರಾಮನ್ ಅವರ ಬೆಳಕು.

ಫೆಬ್ರವರಿ 28ನ್ನು ಶಾಲೆಯಲ್ಲಿ ವಿಜ್ಞಾನ ದಿನವೆಂದು ಆಚರಿಸುತ್ತೀರಿ. 1928ರಲ್ಲಿ ಆ ದಿನದ ಸಂಶೋಧನೆ ಹೇಳಿದ್ದಿಷ್ಟು: ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ತೀರಾ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಿಸಿಕೊಂಡಿದೆ ಎನ್ನುವುದು ಆ ವಸ್ತುವಿನ ಬೆರಳಚ್ಚು. ಇವತ್ತು ಜಗತ್ತಿನ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳ ಬಣ್ಣ ಗುರುತಿಸಲು ಬಳಸುವುದು ಇದನ್ನೇ. ಗೌರಿಬಿದನೂರಿನ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗಬೇಕು. ನಿಮ್ಮ ಊರಿನ ಬಯಲಿನಲ್ಲಿರುವ ರೇಡಿಯೋ ದೂರದರ್ಶಕ ಸೂರ್ಯನನ್ನು ಮುಟ್ಟದೆ, ಅಲ್ಲಿಂದ ಬಂದ ಅಲೆಗಳಿಂದಲೇ ಸೂರ್ಯನ ಸಮಾಚಾರ ತಿಳಿಯುತ್ತದೆ. ಚಿತ್ರದ ವೈದ್ಯರ ಕೆಲಸವೂ ಅದೇ ಜಾತಿಯದು.

ಇದರಿಂದ ಕೆಲವು ಆಶ್ಚರ್ಯಗಳೂ ಹೊರಬರುತ್ತವೆ. ಸಿಂಧೂರ ಕಾಲ ಕಳೆದಂತೆ ಕಪ್ಪು ಕಂದಾಗಬಹುದು. ಇಂಗಳೀಕ ಬಿಸಿಲಿಗೆ ಕಂದುತ್ತದೆ. ಸೀಸದ ಬಿಳಿಯೂ ಕಪ್ಪಾಗುವುದುಂಟು. ಅಂದರೆ ಹಳೆಯ ಚಿತ್ರವೊಂದರಲ್ಲಿ ನಾವು ಇವತ್ತು ಕಪ್ಪು ಮುಖ ಕಂಡರೆ, ಬರೆದವನು ಕಪ್ಪು ಬರೆದಿದ್ದನೆಂದು ತೀರ್ಮಾನ ಮಾಡುವಂತಿಲ್ಲ.

ಕಾಯಿಲೆ ಎಲ್ಲಿಂದ

ಮೊಮ್ಮಗಳಿಗೆ ಕೊಟ್ಟ ಉತ್ತರ ಒಂದೇ ಶಬ್ದ: ನೀರು. ಚಿತ್ರವಿರುವುದು ಕಲ್ಲಿನ ಚಾವಣಿಯ ಅಡಿಯಲ್ಲಿ. ಮೇಲಿನ ಗಾರೆ ಬಿರುಕು ಬಿಟ್ಟರೆ ಮಳೆನೀರು ಇಳಿಯುತ್ತದೆ. ನೀರು ಬಂದು ಹೋದರೆ ಅಷ್ಟು ಕಷ್ಟವಿಲ್ಲ, ಅದು ಬರಿಗೈಯಲ್ಲಿ ಬರುವುದಿಲ್ಲ. ದಾರಿಯಲ್ಲಿ ಸಿಕ್ಕ ಉಪ್ಪುಗಳನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ಒಣಗುವಾಗ ನೀರು ಗಾಳಿಗೆ ಹೋಗುತ್ತದೆ, ಉಪ್ಪು ಬಣ್ಣದ ಹಿಂದೆಯೇ ಉಳಿದು ಹರಳು ಕಟ್ಟುತ್ತದೆ. ಹರಳು ಬೆಳೆಯುವಾಗ ಜಾಗ ಬೇಕು. ಅದು ಬಣ್ಣದ ಪದರವನ್ನು ಒಳಗಿನಿಂದ ದಬ್ಬುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಕರಗಿ, ಮತ್ತೆ ಹರಳಾಗಿ, ಮತ್ತೆ ದಬ್ಬುತ್ತದೆ. ಒಂದು ದಿನ ಬಣ್ಣ ಹೆಕ್ಕಳೆ ಎದ್ದು ಉದುರುತ್ತದೆ. ನಮ್ಮ ಕಡೆ ಚೌಳು ಮಣ್ಣಿನ ಹೊಲದಲ್ಲಿ ಬೇಸಿಗೆಗೆ ಬೆಳ್ಳಗೆ ಏಳುತ್ತದಲ್ಲ, ಮನೆಗೋಡೆಯ ಬುಡದಲ್ಲಿ ಪುಡಿಪುಡಿ ಉದುರುತ್ತದಲ್ಲ, ಅದೇ ರೋಗ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ನಾಲ್ಕು ಚಮಚ ಉಪ್ಪು ಕರಗಿಸಿ ತಟ್ಟೆಗೆ ಸುರಿಯಿರಿ. ಅದರಲ್ಲಿ ಇಟ್ಟಿಗೆಯ ತುಂಡೊಂದನ್ನು ನಿಲ್ಲಿಸಿ ಗಾಳಿಯಾಡುವ ಕಡೆ ಇಡಿ. ಕೆಲವು ದಿನ ಬಿಟ್ಟು ನೋಡಿದರೆ ಉಪ್ಪು ನೀರಿರುವ ಕಡೆ ಅಲ್ಲ, ಮೇಲೆ, ನೀರು ಒಣಗುವ ಕಡೆ ಬೆಳ್ಳಗೆ ಹುಟ್ಟಿರುತ್ತದೆ. ಇಟ್ಟಿಗೆಯ ಪುಡಿಯೂ ತಟ್ಟೆಗೆ ಬಿದ್ದಿದ್ದರೆ ನಿಮ್ಮ ಪ್ರಯೋಗ ಚೆನ್ನಾಗಿ ಆಗಿದೆ ಎಂದರ್ಥ. ನನ್ನ ಮೊಮ್ಮಗಳು ಬಚ್ಚಲ ಕಿಟಕಿಯಲ್ಲಿ ಇಟ್ಟು, ಅವಳ ಅಮ್ಮ ಅದನ್ನು ಕಸವೆಂದು ಎಸೆದು, ಎರಡನೇ ಸಲ ಇಟ್ಟದ್ದು ಯಶಸ್ವಿಯಾಯಿತು.

ಬಾವಲಿಗಳೂ ಕಡಿಮೆಯಲ್ಲ. ಅವುಗಳ ಹಿಕ್ಕೆಯಲ್ಲಿ ಉಪ್ಪುಗಳಿರುತ್ತವೆ, ಸುಣ್ಣವನ್ನು ತಿನ್ನುವ ಅಂಶವೂ ಇರುತ್ತದೆ. ಎಣ್ಣೆದೀಪ, ಕರ್ಪೂರದ ಹೊಗೆ ನೂರಾರು ವರ್ಷ ಕೂತು ಜಿಡ್ಡಿನ ಪರದೆಯಾಗುತ್ತದೆ. ಭಕ್ತಿಗೆ ಹಚ್ಚಿದ ದೀಪವೇ ಚಿತ್ರದ ಕಣ್ಣು ಮುಚ್ಚಿಸುತ್ತದೆ ಎನ್ನುವುದು ನನಗೆ ಇವತ್ತಿಗೂ ಒಪ್ಪಿಕೊಳ್ಳಲು ಕಷ್ಟವಾಗುವ ಮಾತು. ನಮ್ಮ ಕೈಗಳ ಬೆವರು, ಜಿಡ್ಡು ಬೇರೆ.

ಎಲ್ಲಕ್ಕಿಂತ ದೊಡ್ಡ ಕಾಟ ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿ. ಸುಣ್ಣದ ಗಾರೆಗೆ ಸಿಮೆಂಟು ತೇಪೆ ಹಾಕಿದರೆ ಸಿಮೆಂಟು ತನ್ನಲ್ಲಿರುವ ಉಪ್ಪನ್ನೂ ಕೊಡುತ್ತದೆ, ನೀರನ್ನೂ ಒಳಗೆ ಕಟ್ಟಿಹಾಕುತ್ತದೆ. ಅಜಂತಾದಲ್ಲಿ 1920ರ ಹೊತ್ತಿಗೆ ಹೈದರಾಬಾದಿನ ನಿಜಾಮರು ಇಟಲಿಯಿಂದ ಚೆಕ್ಕೋನಿ ಎಂಬ ತಜ್ಞರನ್ನು ಕರೆಸಿದರು. ಆ ಕಾಲಕ್ಕೆ ಅವರು ಬಹಳ ಶ್ರದ್ಧೆಯಿಂದಲೇ ಕೆಲಸ ಮಾಡಿ, ಉದುರುತ್ತಿದ್ದ ಚಿತ್ರಗಳನ್ನು ಹಿಡಿದು ನಿಲ್ಲಿಸಿದರು. ಆದರೆ ಬಳಿದ ಅರಗಿನ ವಾರ್ನಿಶ್ ಕ್ರಮೇಣ ಹಳದಿಗಟ್ಟಿ ಕಂದಾಯಿತು. ಅದನ್ನು ತೆಗೆಯುವುದಕ್ಕೆ ನಮ್ಮ ಪುರಾತತ್ವ ಇಲಾಖೆಯ ರಸಾಯನ ತಜ್ಞರು ಮುಂದೆ ವರ್ಷಗಟ್ಟಲೆ ಹತ್ತಿಯುಂಡೆ ಹಿಡಿದು ಕೂರಬೇಕಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು. ಅಲ್ಲಿನ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ನಿಂತರೆ ನಾವು ನೋಡುವುದು ಟಿಪ್ಪುವಿನ ಕಾಲದ ಕುಂಚವಷ್ಟನ್ನೇ ಅಲ್ಲ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದ್ದನ್ನೂ. ಯಾವುದು ಯಾವ ಕೈಯದೆಂದು ಬಿಡಿಸುವುದು ಪದರ ಓದಬಲ್ಲವರಿಗೆ ಮಾತ್ರ ಸಾಧ್ಯ.

ತಂಜಾವೂರಿನ ಕತೆ ಇನ್ನೂ ಸ್ವಾರಸ್ಯ. 1931ರಲ್ಲಿ ಗೋವಿಂದಸ್ವಾಮಿ ಎಂಬ ಇತಿಹಾಸದ ಅಧ್ಯಾಪಕರು ಗರ್ಭಗುಡಿಯ ಸುತ್ತಿನ ಕತ್ತಲ ಓಣಿಯಲ್ಲಿ, ನಾಯಕರ ಕಾಲದ ಚಿತ್ರ ಉದುರಿದ ಕಡೆ, ಅದರಡಿಯಲ್ಲಿ ಚೋಳರ ಚಿತ್ರ ಕಂಡರು. ಮೇಲಿನದನ್ನು ಕೆರೆದರೆ ನಾನೂರು ವರ್ಷದ ಚಿತ್ರ ಹಾಳು, ಬಿಟ್ಟರೆ ಸಾವಿರ ವರ್ಷದ್ದು ಕಾಣದು. ಕೊನೆಗೆ ತಜ್ಞರು ಮೇಲಿನ ಪದರವನ್ನು ಗಾರೆಯ ಸಮೇತ ಇಡಿಯಾಗಿ ಎತ್ತಿ ಬೇರೆ ಹಲಗೆಗೆ ಕೂರಿಸುವ ವಿಧಾನ ಕಂಡುಕೊಂಡರು. ಈಗ ಎರಡೂ ಉಳಿದಿವೆ.

ಚಿಕಿತ್ಸೆಯ ಕ್ರಮ ನೋಡಿದರೆ ಹಳೆಯ ವೈದ್ಯರು ನೆನಪಾಗುತ್ತಾರೆ. ಮೊದಲು ಮೇಲ್ಛಾವಣಿಯ ಸೋರಿಕೆ ನಿಲ್ಲಿಸಬೇಕು, ಉಳಿದದ್ದೆಲ್ಲ ಆಮೇಲೆ. ನಂತರ ಬೆರಳಗೆಣ್ಣಿನಿಂದ ಗಾರೆಯನ್ನು ಮೆಲ್ಲಗೆ ತಟ್ಟಿ ಕೇಳುತ್ತಾರೆ, ನಾವು ತೆಂಗಿನಕಾಯಿ ತಟ್ಟಿ ನೋಡುವಂತೆ. ಡಬಡಬ ಎಂದರೆ ಅಲ್ಲಿ ಗಾರೆ ಕಲ್ಲನ್ನು ಬಿಟ್ಟಿದೆ. ಅಂಥ ಕಡೆ ಸಿರಿಂಜಿನಲ್ಲಿ ಸುಣ್ಣದ ತೆಳು ಗಂಜಿ ತುಂಬಿ ಹಿಂದಕ್ಕೆ ಕಳಿಸುತ್ತಾರೆ. ಎದ್ದ ಹೆಕ್ಕಳೆಯನ್ನು ತೆಳುಕಾಗದ ಹಿಡಿದು ಕೂರಿಸುತ್ತಾರೆ. ಮಾಯವಾದ ಮುಖಕ್ಕೆ ಹೊಸ ಕಣ್ಣು ಮೂಗು ಬರೆಯುವುದಿಲ್ಲ. ಖಾಲಿ ಜಾಗಕ್ಕೆ ಸಪ್ಪೆ ಬಣ್ಣ ಕೊಟ್ಟು ಬಿಡುತ್ತಾರೆ. “ಬರೆದೇ ಬಿಡಬಹುದಿತ್ತಲ್ವ?” ಎಂದಳು ಮೊಮ್ಮಗಳು. “ನಿನ್ನ ಡ್ರಾಯಿಂಗ್ ಪುಸ್ತಕದಲ್ಲಿ ನಿನ್ನ ತಮ್ಮ ಬರೆದರೆ?” ಎಂದೆ. ಸುಮ್ಮನಾದಳು.

2022ರಲ್ಲಿ ಲೇಪಾಕ್ಷಿಯ ಗುಡಿ ಮತ್ತು ನಂದಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ನೋಡಲು ಬರುವವರು ಇನ್ನೂ ಹೆಚ್ಚುತ್ತಾರೆ. ಸಂತೋಷವೇ, ಕೈ ಜೇಬಿನಲ್ಲಿದ್ದರೆ.

ಇನ್ನು ನನ್ನ ತಪ್ಪೊಪ್ಪಿಗೆ. ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನ ಸಣ್ಣ ಗುಡಿಯಲ್ಲಿ ಒಂದು ಗೋಡೆಯ ತುಂಬ ಚಿತ್ರವಿತ್ತು. ಕುದುರೆ ಸವಾರರು, ಒಂದು ಆನೆ, ಕೊಡೆ ಹಿಡಿದ ಹೆಂಗಸು. ನನಗಾಗ ಒಂಬತ್ತು ವರ್ಷ. ಬೆಂಗಳೂರಿನಿಂದ ಬಂದ ನೆಂಟರಿಗೆ ತೋರಿಸುವಾಗ ಬಣ್ಣ ಮಂಕಾಗಿ ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ಆಹಾ, ಆನೆ ಥಳಥಳ ಎಂದಿತು! ನೆಂಟರು ಬೆನ್ನು ತಟ್ಟಿದರು. ಆಮೇಲೆ ಯಾರು ಬಂದರೂ ನಾನೇ ಬಟ್ಟೆ ಹಿಡಿದು ಓಡುತ್ತಿದ್ದೆ. ಬಟ್ಟೆ ಪ್ರತಿ ಸಲವೂ ಸ್ವಲ್ಪ ಕೆಂಪಾಗುತ್ತಿತ್ತು. ಅದು ಧೂಳೆಂದುಕೊಂಡಿದ್ದೆ. ಎರಡು ವರ್ಷದಲ್ಲಿ ಆನೆಗೆ ಸೊಂಡಿಲು ಇರಲಿಲ್ಲ. ಮುಂದೆ ಯಾವುದೋ ಜಾತ್ರೆಗೆ ಗೋಡೆ ಚೆನ್ನಾಗಿ ಕಾಣಲೆಂದು ಊರವರು ನೀಲಿ ಎಣ್ಣೆ ಬಣ್ಣ ಬಳಿಸಿದರು. ನಾನೂ ಚಂದಾ ಕೊಟ್ಟಿದ್ದೆ.

ಲೇಪಾಕ್ಷಿಯಿಂದ ಬಂದ ವಾರ ಮೊಮ್ಮಗಳನ್ನು ಅಲ್ಲಿಗೂ ಕರೆದುಕೊಂಡು ಹೋದೆ. ಎಣ್ಣೆ ಬಣ್ಣದ ಹಿಂದೆ ತೇವ ಸಿಕ್ಕಿಕೊಂಡು ಅಲ್ಲಲ್ಲಿ ಗುಳ್ಳೆ ಎದ್ದಿದೆ. ಒಂದು ಕಡೆ ಅಂಗೈಯಷ್ಟು ಉದುರಿದ ಜಾಗದಲ್ಲಿ ಸುಣ್ಣದ ಮೇಲೆ ಕಾವಿಯ ಬಾಗಿದ ಗೆರೆ ಕಾಣಿಸಿತು. ಕೊಡೆಯ ಅಂಚಿರಬೇಕು. ಅವಳು ಕೈ ಹಿಂದೆ ಕಟ್ಟಿಕೊಂಡೇ ಹತ್ತಿರ ಹೋಗಿ ನೋಡಿದಳು. ಆಮೇಲೆ ಚೀಲದಿಂದ ತನ್ನ ಸ್ಕೇಲು ತೆಗೆದು, ಗೋಡೆಗೆ ತಾಗಿಸದೆ ಪಕ್ಕದಲ್ಲಿ ಹಿಡಿದು, ನನ್ನ ಫೋನಿನಲ್ಲಿ ಮೂರು ಫೋಟೋ ತೆಗೆದಳು. ಈ ಸಲದ ಜಾತ್ರೆಗೆ ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಮಾತಿದೆಯಂತೆ. ಧರ್ಮದರ್ಶಿಗಳಿಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, “ಅಂದ್ರೆ ಆ ಆನೆ ಇನ್ನೂ ಒಳಗೇ ಇದೆಯೇನ್ರೀ?” ಎಂದರು. ಕೊಡೆಯ ಹೆಂಗಸು ಇದ್ದಾಳೆ, ಆನೆಯ ವಿಷಯ ಕೇಳಬೇಡಿ ಎಂದೆ. ಈ ವರ್ಷಕ್ಕೆ ಆ ಒಂದು ಗೋಡೆಯನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಬಣ್ಣ ಹೊಡೆಸೋಣ ಎಂದಿದ್ದಾರೆ.